ಅರಿಶಿನ ಹತ್ತಿದ ಐದು

ಮದುವೆ ಮುಗಿದ ಮೇಲೆ ಮದುವೆಯ ಕರೆಯೋಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಕಡೆ ಇನ್ನೂ ಸರ್ವಸಮ್ಮತವಾದ ಉತ್ತರ ಸಿಕ್ಕಿಲ್ಲ. ಹರಿದು ಬಿಸಾಡುವಂತಿಲ್ಲ, ಮೇಲೆ ಗಣಪತಿ ಕುಳಿತಿರುತ್ತಾನೆ. ಒಲೆಗೆ ಹಾಕುವಂತಿಲ್ಲ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತಾರೆ. ರದ್ದಿಗೆ ಕೊಡೋಣವೆಂದರೆ ಒಳಗೆ ಅಚ್ಚಾದ ವಧೂವರರು ನಾಳೆ ನೆಲಗಡಲೆಯ ಪೊಟ್ಟಣವಾಗಿ ನಮ್ಮ ಕೈಗೇ ಮರಳಿ ಬಂದಾರೆಂಬ ಸಂಕೋಚ. ಹಾಗಾಗಿ ಅವು ಕ್ಯಾಲೆಂಡರಿನ ಹಿಂದೆ, ಗೋಡೆಯ ಗೂಡಿನಲ್ಲಿ, ಟಿವಿಯ ಅಡಿಯಲ್ಲಿ ಆಶ್ರಯ ಪಡೆದು, ಆ ದಂಪತಿಗಳ ಮಕ್ಕಳು ಶಾಲೆಗೆ ಸೇರಿದ ಮೇಲೂ ಅಲ್ಲೇ ಇರುತ್ತವೆ. ಈ ಸಾಮಾಜಿಕ ಸಮಸ್ಯೆಗೆ ನಾನೊಬ್ಬನೇ ಪರಿಹಾರ ಕಂಡುಹಿಡಿದವನೆಂದು ಬಹಳ ದಿನ ಬೀಗುತ್ತಿದ್ದೆ. ಒಳ್ಳೆಯ ದಪ್ಪ ಕಾಗದದ ಕರೆಯೋಲೆಗಳನ್ನು ಇಸ್ಪೀಟೆಲೆಯ ಅಳತೆಗೆ ಕತ್ತರಿಸಿ, ಖಾಲಿ ಬದಿಯಲ್ಲಿ ಒಂದು, ಎರಡು, ಮೂರು, ಐದು, ಎಂಟು, ಹದಿಮೂರು, ಇಪ್ಪತ್ತು ಎಂದು ಅಂಕಿ ಬರೆದು, ಅವುಗಳಿಂದ ಸಾಫ್ಟ್‌ವೇರ್ ಕೆಲಸದ ಅಂದಾಜು ಹಾಕುತ್ತಿದ್ದೆ.

ನಗಬೇಡಿ, ಅದು ನನ್ನ ಹೊಟ್ಟೆಪಾಡಿನ ವೃತ್ತಿ. ತೊಂಬತ್ತೇಳರಲ್ಲಿ ಕುಂದಾಪುರದ ಹಳೆಯ ಬಸ್ ನಿಲ್ದಾಣದ ಬಳಿ ಒಂದೇ ಒಂದು ಕಂಪ್ಯೂಟರಿಟ್ಟುಕೊಂಡು, ಅದಕ್ಕೆ ಶೀತವಾಗದಂತೆ ಮುಸುಕು ಹೊದೆಸಿ, ಚಪ್ಪಲಿ ಹೊರಗೆ ಬಿಟ್ಟು ಒಳಬರಬೇಕೆಂಬ ನಿಯಮ ಮಾಡಿ ಪಾಠ ಹೇಳಲು ಶುರುಮಾಡಿದವನು ನಾನು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಹಂಚಿನ ಕಟ್ಟಡದ ಮಹಡಿಯಲ್ಲಿ ನಾವು ಆರು ಜನ ಕೂತು, ಬ್ರಹ್ಮಾವರದಿಂದ ಬೈಂದೂರಿನವರೆಗಿನ ಅಂಗಡಿ, ಸೊಸೈಟಿ, ಅಕ್ಕಿ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ಬರೆಯುವುದು ಕಷ್ಟವಾಗಿರಲಿಲ್ಲ. ‘ಯಾವತ್ತಿಗೆ ಕೊಡ್ತ್ರಿ?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟವಾಗಿತ್ತು. ನಾನು ಹೇಳಿದ ತಾರೀಕಿಗೂ ಕೆಲಸ ಮುಗಿದ ತಾರೀಕಿಗೂ ನಡುವೆ ಒಂದು ಆಷಾಢ ಮಾಸವಾದರೂ ದಾಟಿಹೋಗಿರುತ್ತಿತ್ತು.

ಆ ಹೊತ್ತಿನಲ್ಲಿ ಅಜೈಲ್ ಎಂಬ ಹೊಸ ಪದ್ಧತಿ ನನಗೆ ದಕ್ಕಿತು. ಎರಡು ವಾರಕ್ಕೆ ಹಿಡಿಸುವಷ್ಟೇ ಕೆಲಸ ಎತ್ತಿಕೊಳ್ಳಿ, ಅದನ್ನು ಮುಗಿಸಿ ತೋರಿಸಿ, ಮತ್ತೆ ಮುಂದಿನದು ಎತ್ತಿಕೊಳ್ಳಿ ಎನ್ನುವುದು ಅದರ ಸಾರ. ಕೆಲಸಕ್ಕೆ ಇಷ್ಟು ದಿನ ಎಂದು ಹೇಳುವುದೇ ಬೇಡ. ಹಿಂದೆ ಮಾಡಿದ ಯಾವುದಾದರೂ ಕೆಲಸಕ್ಕೆ ಹೋಲಿಸಿ, ಇದು ಅದರಷ್ಟು, ಇದು ಅದರ ಎರಡು ಪಟ್ಟು ಎಂದು ಪಾಯಿಂಟು ಕೊಟ್ಟರೆ ಸಾಕು. ಇದನ್ನು ಓದಿದಾಗ ನನಗೆ ನನ್ನ ಅಜ್ಜಿಯ ನೆನಪಾಯಿತು. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಕುಂಭಾಶಿಯ ಗುಡಿಗೆ ಎರಡು ಎಲೆಯಡಿಕೆಯ ಕವಳ ಜಗಿಯುವಷ್ಟು ಹೊತ್ತು, ಹಟ್ಟಿಯಂಗಡಿಗಾದರೆ ಕವಳದ ಚೀಲವನ್ನೇ ಒಯ್ಯಬೇಕು ಎಂದು ಆಕೆ ಹೇಳಿದ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ. ಅಂತೂ ಅಜ್ಜಿಯ ವಿದ್ಯೆ ಸಮುದ್ರ ದಾಟಿ, ಸೂಟು ಹಾಕಿಕೊಂಡು ಮರಳಿ ಬಂದಿದೆಯೆಂದು ತಿಳಿದು, ಅದನ್ನು ನಮ್ಮ ಮಹಡಿಯಲ್ಲಿ ವಿಧ್ಯುಕ್ತವಾಗಿ ಪ್ರತಿಷ್ಠಾಪಿಸಿದೆ.

ವಿಧಿ ಹೀಗೆ. ಒಂದು ಕೆಲಸವನ್ನು ಓದಿ ಹೇಳಬೇಕು. ಎಲ್ಲರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಆರಿಸಿ ಮೇಜಿನ ಮೇಲೆ ಬೋರಲಾಗಿ ಇಡಬೇಕು. ಆಮೇಲೆ ಒಟ್ಟಿಗೆ ಮಗುಚಬೇಕು. ಬೋರಲಾಗಿ ಇಡುವುದರ ಉದ್ದೇಶವೆಂದರೆ ಒಬ್ಬರ ಅಂಕಿ ನೋಡಿ ಇನ್ನೊಬ್ಬರು ಮನಸ್ಸು ಬದಲಾಯಿಸಬಾರದು, ಅದರಲ್ಲೂ ಹಿರಿಯರ ದಾಕ್ಷಿಣ್ಯಕ್ಕೆ ಕಿರಿಯರು ಬೀಳಬಾರದು. ಇದೇ ಸಮತೆಯ ಭರದಲ್ಲಿ, ನನ್ನನ್ನು ಯಾರೂ ‘ಸರ್’ ಎನ್ನಬಾರದು, ಹೆಸರು ಹಿಡಿದೇ ಕರೆಯಬೇಕೆಂದು ಅಪ್ಪಣೆ ಮಾಡಿದೆ. ಒಂದು ವಾರ ಯಾರೂ ನನ್ನನ್ನು ಏನೂ ಕರೆಯಲಿಲ್ಲ; ಎದುರು ಬಂದು ನಿಂತು ಕೆಮ್ಮುತ್ತಿದ್ದರು. ಕಡೆಗೆ ‘ಹ್ವಾಯ್’ ಎಂಬ ನಮ್ಮ ಕಡೆಯ ಕೂಗಿಗೆ ರಾಜಿಯಾಗಿ, ಮರುತಿಂಗಳು ಸದ್ದಿಲ್ಲದೆ ‘ಸರ್’ ಮರಳಿತು. ಆ ಸಣ್ಣ ಸಂಗತಿ ನನಗೆ ಏನನ್ನೋ ಹೇಳುತ್ತಿತ್ತು, ಆದರೆ ಕೇಳಿಸಿಕೊಳ್ಳುವ ವ್ಯವಧಾನ ಆಗ ನನಗಿರಲಿಲ್ಲ.

ಏಕೆಂದರೆ ಪದ್ಧತಿ ಅದ್ಭುತವಾಗಿ ನಡೆಯುತ್ತಿತ್ತು. ನಾನು ಐದು ಇಟ್ಟರೆ ಮಗುಚಿದಾಗ ಆರು ಐದುಗಳು. ನಾನು ಎಂಟು ಇಟ್ಟರೆ ಆರು ಎಂಟುಗಳು. ಬೇರೆ ಊರಿನ ತಂಡಗಳು ಒಂದು ಅಂಕಿಗಾಗಿ ಗಂಟೆಗಟ್ಟಲೆ ಕಾದಾಡುತ್ತವೆ ಎಂದು ಓದುವಾಗಲೆಲ್ಲ ನನ್ನ ತಂಡದ ಅಪೂರ್ವ ಒಮ್ಮತವನ್ನು ನೆನೆದು ಎದೆಯುಬ್ಬುತ್ತಿತ್ತು. ಹಾಗೆ ಅಂದಾಜು ಹಾಕಿದ ಕೆಲಸಗಳು ಸ್ವಲ್ಪ ತಡವಾಗುತ್ತಿದ್ದುದು ನಿಜ. ಅದಕ್ಕೆ ಕರೆಂಟು, ಮಳೆ ಮತ್ತು ಗಿರಾಕಿಗಳು ಕಾರಣರೆಂದು ನಾನು ನಿರ್ಧರಿಸಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ಬಂದವು. ಒಂದು ನಮ್ಮ ತಲೆಯ ಮೇಲೇ ಇತ್ತು. ಕಟ್ಟಡದ ಹಂಚು ತೆಗೆದು, ಅಡಿಯ ಮರದ ರೀಪು ಬದಲಾಯಿಸಿ, ಮಳೆಗೆ ಮೊದಲು ಮತ್ತೆ ಹೊದೆಸಬೇಕಿತ್ತು. ಅದಕ್ಕೆ ಬಂದವನು ಶೀನ, ಅರುವತ್ತು ದಾಟಿದ, ಮಾಡು, ಅಂದರೆ ಚಾವಣಿ, ಕಟ್ಟುವುದರಲ್ಲೇ ಮೊಣಕಾಲು ಸವೆಸಿದ ಮನುಷ್ಯ. ಎಷ್ಟು ದಿನ ಬೇಕು ಎಂದು ನಾನು ಅಧಿಕಾರವಾಣಿಯಿಂದ ಕೇಳಿದೆ.

“ಮಾಡ್ ಹತ್ತಿ ಕಾಣ್ದೆ ಹ್ಯಾಂಗ್ ಹೇಳೂದ್ ಮರ್ರೆ? ಹಂಚಿನ್ ಅಡಿಯಂಗೆ ಎಂತ ಇತ್ತ್ ಅಂದ್ ಹಂಚ್ ತೆಗ್ದ್ ಮ್ಯಾಲೇ ಗೊತ್ತಾಪ್ದ್” ಎಂದ ಶೀನ.

ನಾನು ಬಿಡಲಿಲ್ಲ. ನಾಲ್ಕು ಜನ ಸೇರಿ ಒಂದೇ ದಿನ ಇಡೀ ಮಾಡು ಬಿಚ್ಚಿ, ಮರುದಿನ ರೀಪು ಹೊಡೆದು, ಮೂರನೆಯ ದಿನ ಹೊದೆಸಿಬಿಟ್ಟರೆ ಎಷ್ಟು ಸಲೀಸು ಎಂದು ಕಾಗದದ ಮೇಲೆ ಚೌಕ ಎಳೆದು ತೋರಿಸಿದೆ. ಆತ ಕಾಗದವನ್ನು ನೋಡಲಿಲ್ಲ, ಆಕಾಶ ನೋಡಿದ.

“ಸಂಜಿಗೆ ಮುಚ್ಚುಕ್ ಆಪಷ್ಟೇ ಹಂಚ್ ತೆಗುದ್ ನಾನ್. ಜಾಸ್ತಿ ಬೇಕಾರೆ ಬ್ಯಾರೆ ಜನ ಕಾಣಿ.”

ನನ್ನ ಆಫೀಸಿನಲ್ಲಿ ನನಗೆ ‘ಇಲ್ಲ’ ಎಂದ ಮೊದಲ ವ್ಯಕ್ತಿ ಅವನು. ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಬೇರೆ ಜನ ಸಿಗದೆ ಒಪ್ಪಿಕೊಂಡೆ. ಅವನು ದಿನಕ್ಕೆ ಒಂದು ಪಟ್ಟಿ ಬಿಚ್ಚಿ, ಸರಿಮಾಡಿ, ಸಂಜೆಗೆ ಮುಚ್ಚಿ, ಕೈ ತೊಳೆದುಕೊಂಡು ಹೋಗುತ್ತಿದ್ದ. ನಾಲ್ಕನೆಯ ದಿನ ಸಂಜೆ, ಅವನು ಏಣಿಯಿಂದ ಇಳಿದು ಬೀಡಿ ಹಚ್ಚುವ ಹೊತ್ತಿಗೆ, ಪಂಚಾಂಗದಲ್ಲಿ ಎಲ್ಲೂ ಇಲ್ಲದ ಮಳೆ ಸುರಿಯಿತು. ನಮ್ಮ ಆರು ಕಂಪ್ಯೂಟರುಗಳಲ್ಲಿ ಒಂದರ ಮೇಲೂ ಹನಿ ಬೀಳಲಿಲ್ಲ. ನನ್ನ ಚೌಕಗಳ ಕಾಗದ ಮಾತ್ರ ಕಿಟಕಿಯ ಬಳಿ ಇದ್ದುದರಿಂದ ಒದ್ದೆಯಾಯಿತು.

ಎರಡನೆಯ ಕೆಲಸ ಗಂಗೊಳ್ಳಿಯದು. ಕುಂದಾಪುರದಲ್ಲಿ ನಿಂತರೆ ಹೊಳೆಯಾಚೆ ಕೈಗೆಟುಕುವಂತೆ ಕಾಣುವ, ಆದರೆ ಬಸ್ಸಿನಲ್ಲಿ ತ್ರಾಸಿ ಸುತ್ತಿಯೇ ಹೋಗಬೇಕಾದ ಊರದು. ಅಂದಾಜಿನ ಮನುಷ್ಯನಾದ ನನಗೆ ಆ ಊರು ಆಗಲೇ ಎಚ್ಚರಿಕೆ ಕೊಡಬೇಕಿತ್ತು. ಅಲ್ಲಿನ ಬಂದರಿನಲ್ಲಿ ಸದಾನಂದಣ್ಣನ ಐಸ್ ಪ್ಲಾಂಟು. ಮಳೆಗಾಲದಲ್ಲಿ ಎರಡು ತಿಂಗಳು ಕಟ್ಟಿಹಾಕಿದ ಬೋಟುಗಳು ಮತ್ತೆ ಕಡಲಿಗೆ ಇಳಿಯುವ ದಿನ ಎಲ್ಲರಿಗೂ ಒಟ್ಟಿಗೇ ಐಸು ಬೇಕು. ಯಾವ ಬೋಟಿಗೆ ಎಷ್ಟು, ಯಾರ ಸರದಿ ಯಾವಾಗ ಎಂಬುದೆಲ್ಲ ಸದಾನಂದಣ್ಣನ ಒಂದು ದಪ್ಪ ಪುಸ್ತಕದಲ್ಲಿ ಇರುತ್ತಿತ್ತು. ಐಸು ತುಂಬಿಕೊಂಡು, ಭರತದ ತುಂಬು ನೀರಿರುವಾಗಲೇ ಬೋಟು ಹೊಳೆ ಕಡಲು ಸೇರುವ ಅಳಿವೆ ದಾಟಬೇಕು; ನೀರು ಇಳಿದರೆ ಆ ದಿನ ಹೋಯಿತು. ಇದನ್ನೆಲ್ಲ ನಾನು ಅರ್ಧ ಗಂಟೆಯಲ್ಲಿ ಕೇಳಿ ಅರ್ಥಮಾಡಿಕೊಂಡು, ಬೋಟು ಇಳಿಯುವ ದಿನಕ್ಕೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗುತ್ತದೆ, ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿ ಎಂದು ಮಾತು ಕೊಟ್ಟೆ. ಸದಾನಂದಣ್ಣ “ಅಕ್ಕ್ ಅಕ್ಕ್” ಎಂದು ತಲೆಯಾಡಿಸಿ ಚಹಾ ತರಿಸಿದರು.

ನಮ್ಮ ಆರು ಜನರಲ್ಲಿ ನಾಗವೇಣಿ ಎಂಬ ಹುಡುಗಿಯಿದ್ದಳು, ಬೈಂದೂರಿನ ಈಚೆಗಿರುವ ಉಪ್ಪುಂದದವಳು, ಎಲ್ಲರಿಗಿಂತ ಚಿಕ್ಕವಳು. ನಾವು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹಿಡಿಯುವುದು ಅವಳ ಕೆಲಸ. ಅವಳ ಅಣ್ಣ ಗಂಗೊಳ್ಳಿಯ ಒಂದು ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಸದಾನಂದಣ್ಣನ ಐಸಿನಿಂದಲೇ ಅವನ ಬೋಟೂ ತುಂಬಬೇಕು. ಎರಡು ತಿಂಗಳು ಖಾಲಿ ಕೂತ ಮನೆಗೆ ಮೊದಲ ದಿನದ ಮೀನೆಂದರೆ ಏನೆಂದು ನಮ್ಮಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ‘ಐಸಿನ ಸರದಿ ಬದಲಾವಣೆ’ ಎಂಬ ಕೆಲಸವನ್ನು ನಾನು ಓದಿ ಹೇಳಿ, ಐದರ ಕಾರ್ಡನ್ನು ಬೋರಲು ಹಾಕಿದಾಗ, ಅವಳು ಒಂದು ಗಳಿಗೆ ತಡೆದು ತನ್ನ ಕಾರ್ಡು ಇಟ್ಟಳು. ಮಗುಚಿದಾಗ ಆರು ಐದುಗಳು. ನಾನು ತೃಪ್ತನಾಗಿ ಮುಂದಿನದು ಓದಿದೆ.

ಹೀಗೆಯೇ ಜುಲೈ ಬಂತು. ಬೋಟು ಇಳಿಯಲು ಮೂರು ವಾರವಿತ್ತು. ಒಂದು ಬೆಳಿಗ್ಗೆ ನನ್ನ ಚೀಲದಲ್ಲಿ ಕಾರ್ಡುಗಳ ಕಟ್ಟುಗಳು ಇರಲಿಲ್ಲ. ಅಮ್ಮನನ್ನು ಕೇಳಿದರೆ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಹೇಳಿದಳು:

“ಗಣಪತಿ ಸೊಂಡ್ಲ್ ತುಂಡ್ ಮಾಡಿ, ಅದ್ರ್ ಬೆನ್ನಿಗ್ ಎಂಟ್ ಅಂದ್ ಬರ್ಕಂಡ್ ಕೂಕಂಡ್ರೆ ಕೆಲ್ಸ ಹ್ಯಾಂಗ್ ಆತ್ತ್ ಮಗಾ? ಎಲ್ಲಾ ಅಶ್ವತ್ಥಕಟ್ಟೆ ಬುಡದಂಗ್ ಇಟ್ ಬಂದೆ.”

ವಾದಿಸಿ ಪ್ರಯೋಜನವಿರಲಿಲ್ಲ, ಮೇಲಾಗಿ ಹೊರಗೆ ಧೋ ಎಂದು ಮಳೆ. ಆಫೀಸಿಗೆ ಹೋಗಿ ಬಿಳಿಯ ಹಾಳೆಯನ್ನು ಹರಿದು ಎಲ್ಲರಿಗೂ ಕೊಟ್ಟು, ಈವತ್ತು ಇದರಲ್ಲೇ ಬರೆದು ಮಡಚಿ ಇಡಿ ಎಂದೆ. ಉಳಿದ ಕೆಲಸಗಳನ್ನು ಮತ್ತೊಮ್ಮೆ ಅಳೆಯುವ ದಿನ ಅದು. ಮೊದಲನೆಯದೇ ಐಸಿನ ಸರದಿ ಬದಲಾವಣೆ. ನಾನು ಎಂದಿನಂತೆ ಐದು ಬರೆದೆ. ಚೀಟಿಗಳನ್ನು ಬಿಡಿಸಿದರೆ ಮೂರು, ಎಂಟು, ಎಂಟು, ಹದಿಮೂರು, ನನ್ನ ಐದು, ಮತ್ತು ಒಂದು ಇಪ್ಪತ್ತು. ಯಾರೋ ಬೇಕೆಂದೇ ತಮಾಷೆ ಮಾಡಿದ್ದಾರೆಂದುಕೊಂಡು ಮತ್ತೊಂದು ಕೆಲಸ ಓದಿದೆ. ಮತ್ತೆ ಆರು ಜನಕ್ಕೆ ಐದು ಬೇರೆ ಬೇರೆ ಅಂಕಿ. ನನ್ನ ಅಪೂರ್ವ ಒಮ್ಮತ ಒಂದೇ ಬೆಳಿಗ್ಗೆಯಲ್ಲಿ ಎಲ್ಲಿಗೆ ಹೋಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಮೇಜು ನೋಡುತ್ತಿದ್ದರು. ಕಡೆಗೆ ನಾಗವೇಣಿ ಹೇಳಿದಳು.

“ಸರ್, ನಿಮ್ ಐದ್ರ ಕಾರ್ಡಿನ್ ಬೆನ್ನಿಗೆ ಅರ್ಶಿನ ಇತ್ತಲೆ. ಬಾಗ್ಲ್ ಹತ್ರ ನಿಂತ್ರೂ ಕಾಣತ್ತ್. ಎಂಟ್ರದ್ರಲ್ಲಿ ಸೊಂಡ್ಲ್ ಇತ್ತ್.”

ಹದಿಮೂರರ ಬೆನ್ನಿಗೆ ‘ಚಿ. ಸೌ.’ ಇತ್ತಂತೆ, ಮೂರರ ಬೆನ್ನಿಗೆ ‘ಸಕುಟುಂಬ ಸಪರಿವಾರ’. ಆರು ಕಟ್ಟುಗಳಲ್ಲಿ ನನ್ನ ಕಟ್ಟನ್ನು ಐವರೂ ಬಾಯಿಪಾಠ ಮಾಡಿಕೊಂಡಿದ್ದರು. ನಾನು ಯಜಮಾನಿಕೆಯ ಠೀವಿಯಲ್ಲಿ ಮೊದಲು ನನ್ನ ಕಾರ್ಡನ್ನು ಮಧ್ಯದಲ್ಲಿ ಇಡುವುದು, ಅವರು ಅದರ ಬೆನ್ನು ನೋಡಿ ತಮ್ಮದನ್ನು ಆರಿಸುವುದು, ಹೀಗೆ ತಿಂಗಳುಗಟ್ಟಲೆ ನಡೆದಿತ್ತು.

“ನೋಡಿದ್ದಾಯಿತು, ಆದರೆ ನಿಮಗೆ ಸರಿ ಕಂಡದ್ದನ್ನು ಇಡಬಹುದಿತ್ತಲ್ಲ?” ಎಂದೆ.

“ನೀವ್ ಐದ್ ಇಟ್ ಮ್ಯಾಲ್ ನಾವ್ ಇಪ್ಪತ್ತ್ ಇಡೂದ್ ಹ್ಯಾಂಗ್ ಸರ್?” ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಊಟದ ಪಂಕ್ತಿಯಲ್ಲಿ ಹಿರಿಯರು ಏಳುವ ಮೊದಲು ಏಳಬಾರದೆಂದು ಕಲಿತವರು ಇಲ್ಲೂ ಅದನ್ನೇ ಪಾಲಿಸಿದ್ದರು. ದಾಕ್ಷಿಣ್ಯವನ್ನು ತಡೆಯಲೆಂದೇ ಹುಟ್ಟಿದ ಆಟವನ್ನು ನಾನು ದಾಕ್ಷಿಣ್ಯದ ಕಾಗದದಲ್ಲೇ ಕತ್ತರಿಸಿ ಮಾಡಿದ್ದೆ, ಅಷ್ಟೆ. ನನಗೆ ನಾಚಿಕೆಯಾಯಿತು. ಅವರ ಮೇಲೆ ಸಿಟ್ಟು ಮಾಡುವ ದಾರಿಯೂ ಇರಲಿಲ್ಲ.

ಇಪ್ಪತ್ತು ಯಾಕೆ ಎಂದು ಕೇಳಿದೆ. ಅವಳು ಹೇಳತೊಡಗಿದಳು. ಮೊದಲ ದಿನ ಪ್ಲಾಂಟಿನ ಐಸು ಎಲ್ಲರಿಗೂ ಸಾಲುವುದಿಲ್ಲ. ಜನ ಸೇರದ ಬೋಟು ತನ್ನ ಸರದಿಯನ್ನು ಪಕ್ಕದ ಬೋಟಿಗೆ ಬಿಟ್ಟುಕೊಡುತ್ತದೆ. ಅರ್ಧ ಈಗ ತುಂಬಿ ಅರ್ಧ ಮಧ್ಯಾಹ್ನ ಎನ್ನುವವರಿರುತ್ತಾರೆ. ಒಬ್ಬರ ಚೀಟಿ ಹಿಡಿದು ಇನ್ನೊಬ್ಬರು ನಿಂತಿರುತ್ತಾರೆ. ಇದೆಲ್ಲ ಬೋಟು ಕಟ್ಟುವ ದಕ್ಕೆಯ ಮೇಲೆ ಬಾಯಿಮಾತಿನಲ್ಲೇ ತೀರ್ಮಾನವಾಗುತ್ತದೆ. ನಾವು ಬರೆದಿದ್ದ ಸಾಫ್ಟ್‌ವೇರಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಹಾಗೇ ಕೊಟ್ಟಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಸಾಲು ನಿಂತು, ಬೋಟುಗಳು ಖಾಲಿ ಹೊಟ್ಟೆಯಲ್ಲಿ ದಕ್ಕೆಗೆ ಕಟ್ಟಿಕೊಂಡಿರುವಾಗಲೇ ನೀರು ಇಳಿದುಹೋಗುತ್ತಿತ್ತು. ಅವುಗಳಲ್ಲಿ ಅವಳ ಅಣ್ಣನದೂ ಒಂದು. ಇದನ್ನು ಎರಡು ತಿಂಗಳಿಂದ ಮನಸ್ಸಿನಲ್ಲಿಟ್ಟುಕೊಂಡು, ನನ್ನ ಅರಿಶಿನದ ಐದಕ್ಕೆ ಮರ್ಯಾದೆ ಕೊಟ್ಟು, ಅವಳು ದಿನಾ ಬಸ್ಸಿನಲ್ಲಿ ಹೋಗಿಬಂದಿದ್ದಳು.

ಆ ದಿನ ಮಧ್ಯಾಹ್ನ ಆಫೀಸಿನಲ್ಲೇ ಉಳಿದೆ. ಕುರ್ಚಿಗೆ ಒರಗಿ ಮೇಲೆ ನೋಡಿದರೆ ಶೀನ ಹೊದೆಸಿದ ಹಂಚು, ಅದರ ಮೇಲೆ ಮಳೆಯ ಸದ್ದು. ಸಂಜೆಗೆ ಮುಚ್ಚಲು ಆಗುವಷ್ಟೇ ತೆಗೆಯುವುದು. ಎರಡು ವಾರದ ಕೆಲಸ, ಮುಗಿಸಿ ತೋರಿಸುವುದು ಎಂದು ನಾನು ಊರಿಗೆಲ್ಲ ಬೋಧಿಸುತ್ತಿದ್ದ ಪದ್ಧತಿಯನ್ನು ಆತ ಒಂದೇ ಮಾತಿನಲ್ಲಿ ಹೇಳಿ, ಬೀಡಿ ಹಚ್ಚಿ ಹೋಗಿದ್ದ. ನಾನು ಮಾತ್ರ ಗಂಗೊಳ್ಳಿಯ ಇಡೀ ಮಾಡನ್ನು ಒಂದೇ ಸಲ ಬಿಚ್ಚಿ ಕೂತಿದ್ದೆ. ಎಲ್ಲರನ್ನೂ ಕರೆದು, ಮೂರು ವಾರದಲ್ಲಿ ಮುಚ್ಚಲು ಆಗುವಷ್ಟು ಯಾವುದು ಎಂದು ಕೇಳಿದೆ; ಮೊದಲು ಚಿಕ್ಕವರು ಹೇಳಬೇಕು, ನಾನು ಕಡೆಗೆ. ಚೀಟಿ ಅಚ್ಚಾಗಿ ಬರುವುದು ಮತ್ತು ಸಾಲಿನ ಕ್ರಮ, ಇವೆರಡನ್ನು ಸರಿಯಾಗಿ ಮಾಡಬಹುದು ಎಂದರು. ಸರದಿ ಬದಲಾವಣೆಗೆ ಈ ವರ್ಷ ಪುಸ್ತಕವೇ ಇರಲಿ. ನನ್ನ ಪಾಲಿಗೆ ಉಳಿದದ್ದು ಕೊಟ್ಟ ಮಾತನ್ನು ಹಿಂದಕ್ಕೆ ತರುವ ಕೆಲಸ, ಅದಕ್ಕೆ ಎಷ್ಟು ಪಾಯಿಂಟೆಂದು ನಾನು ಯಾರನ್ನೂ ಕೇಳಲಿಲ್ಲ.

ಮರುದಿನ ತ್ರಾಸಿ ಸುತ್ತಿ ಗಂಗೊಳ್ಳಿಗೆ ಹೋದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಐಸ್ ಪ್ಲಾಂಟಿನ ಮೆಟ್ಟಿಲಲ್ಲಿ ಮರೆತುಹೋಗಿ, ಎಲ್ಲ ಆಗುವುದಿಲ್ಲ, ಅರ್ಧ ಆಗುತ್ತದೆ, ಪುಸ್ತಕವನ್ನು ಅಟ್ಟದಿಂದ ಇಳಿಸಬೇಕು, ತಪ್ಪು ನನ್ನದು ಎಂದು ಒಂದೇ ಉಸಿರಿಗೆ ಹೇಳಿದೆ. ಸದಾನಂದಣ್ಣ ಮೇಜಿನ ಖಾನೆ ಎಳೆದರು. ಆ ವರ್ಷಕ್ಕೆಂದು ಗೆರೆ ಹೊಡೆದು ಬೋಟುಗಳ ಹೆಸರೆಲ್ಲ ಬರೆದಿಟ್ಟ ದಪ್ಪ ಪುಸ್ತಕ ಅಲ್ಲೇ ಇತ್ತು.

“ಅಟ್ಟಕ್ ಹಾಕಿದ್ದೇ ಇಲ್ಲ ಮರ್ರೆ. ನೀವ್ ಅಷ್ಟ್ ಹುರುಪಿಂದ ಹೇಳುವತಿಗೆ ಇಲ್ಲ ಅಂಬುದ್ ಹ್ಯಾಂಗೆ ಅಂದೇಳಿ ಅಕ್ಕ್ ಅಂದೆ.”

ಅಂತೂ ನನ್ನ ಸುತ್ತಲಿನ ಲೋಕವೆಲ್ಲ ನನ್ನ ಮುಖ ನೋಡಿಯೇ ಐದು ಇಡುತ್ತಿತ್ತೆಂದು ಸ್ಪಷ್ಟವಾಯಿತು. ಆದರೆ ಇನ್ನೊಂದು ಮಾತೂ ಹೇಳಬೇಕು. ಬರುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಎಷ್ಟೋ ತಿಂಗಳ ಮೇಲೆ ಹಗುರಾಗಿತ್ತು. ಮೊದಲ ಬಾರಿಗೆ ಈ ಕೆಲಸ ಹೇಳಿದ ದಿನಕ್ಕೆ ಆಗಿಯೇ ಆಗುತ್ತದೆಂದು ನನಗೆ ಒಳಗಿನಿಂದ ನಂಬಿಕೆ ಬಂದಿತ್ತು. ಅದುವರೆಗಿನ ನನ್ನ ಆತ್ಮವಿಶ್ವಾಸಕ್ಕೆ ಗಂಟಲು ಇತ್ತೇ ಹೊರತು ಕಾಲು ಇರಲಿಲ್ಲ.

ಬೋಟು ಇಳಿದ ದಿನ ನಾನೂ ದಕ್ಕೆಯಲ್ಲಿದ್ದೆ. ಚೀಟಿಗಳು ಒಂದರ ಹಿಂದೊಂದು ಅಚ್ಚಾಗಿ ಬಂದವು, ಪುಡಿಮಾಡಿದ ಐಸು ಇಳಿಜಾರಿನ ಕೊಳವೆಯಲ್ಲಿ ಬೋಟುಗಳ ಹೊಟ್ಟೆಗೆ ಇಳಿಯಿತು. ಸದಾನಂದಣ್ಣನ ಪಕ್ಕದಲ್ಲಿ ನಾಗವೇಣಿ ದಪ್ಪ ಪುಸ್ತಕ ಹಿಡಿದು ಕೂತು, ಯಾರ ಸರದಿ ಯಾರಿಗೆ ಹೋಯಿತೆಂದು ಪೆನ್ನಿನಲ್ಲಿ ಬರೆಯುತ್ತಿದ್ದಳು. ಮುಂದಿನ ವರ್ಷ ನಾವು ಬರೆದ ಸಾಫ್ಟ್‌ವೇರಿಗೆ ಆ ಪುಟಗಳೇ ಆಧಾರವಾದವು. ನೀರು ಇಳಿಯುವ ಮೊದಲು ಕಡೆಯ ಬೋಟು ಅಳಿವೆ ದಾಟಿತು. ಅವಳ ಅಣ್ಣನದು ಏಳನೆಯದು. ಅದು ದಾಟುವಾಗ ಅವಳು ಬರೆಯುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿ ನೋಡಿದಳು, ಮತ್ತೆ ಬರೆಯತೊಡಗಿದಳು.

ಎರಡು ವರ್ಷದ ಮೇಲೆ ನಾಗವೇಣಿ ತನ್ನದೇ ಮದುವೆಯ ಕರೆಯೋಲೆ ತಂದಳು. ನಾಲ್ಕು ಮೂಲೆಗೂ ಢಾಳಾಗಿ ಅರಿಶಿನ. ನಾನು ಅಭ್ಯಾಸಬಲದಿಂದ ಅದನ್ನು ಮಗುಚಿ ಬೆನ್ನು ನೋಡಿದ್ದಕ್ಕೆ ಎಲ್ಲರೂ ನಕ್ಕರು. ಆಫೀಸಿನಿಂದ ಮನೆಯವರೂ ಸೇರಿ ಎಷ್ಟು ಜನ ಆಗುತ್ತಾರೆಂದು ಲೆಕ್ಕ ಹಾಕಿ ಹೇಳುತ್ತೇನೆ, ಅಮ್ಮನಿಗೆ ಮೊಣಕಾಲು ನೋವು, ಅವಳಂತೂ ಬರುವುದಿಲ್ಲ ಎಂದು ನಾನು ಶುರುಮಾಡಿದೆ.

“ನೀವ್ ಲೆಕ್ಕ ಹಾಕುದ್ ಬ್ಯಾಡ ಸರ್. ಆಫೀಸಿನೋರಿಗೆ ಹದ್ಮೂರ್ ಎಲೆ ಅಂದೇಳಿ ಅಡುಗೆಯೋರಿಗೆ ಹೇಳಿಯಾಯ್ತ್” ಎಂದಳು ನಾಗವೇಣಿ, ನನ್ನ ಮುಖ ನೋಡದೆಯೇ.

ಉಪ್ಪುಂದದ ಮದುವೆಯಲ್ಲಿ ಪಂಕ್ತಿಗೆ ಕುಳಿತಾಗ, ವೃತ್ತಿಯ ಚಟ ಬಿಡದೆ, ನಮ್ಮವರನ್ನು ಎಣಿಸಿದೆ. ಹನ್ನೆರಡು. ನನ್ನ ಬಲಗಡೆ ಒಂದು ಎಲೆ ಖಾಲಿ. ಇಂಥ ಜಾಣೆಯ ಅಂದಾಜೂ ಒಂದು ಎಲೆಯಷ್ಟು ತಪ್ಪುತ್ತದಲ್ಲ ಎಂದು ಒಳಗೊಳಗೇ ಖುಷಿಪಡುತ್ತಿರುವಾಗ, ಚಪ್ಪರದ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ನಮ್ಮ ನಂತರದ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಂದು ನನ್ನ ಪಕ್ಕ ಕೂತು, ಎಲೆಗೆ ನೀರು ಚಿಮುಕಿಸಿದಳು.

“ಬತ್ತಿಲ್ಲೆ ಅಂದ್ ನಿಂಗ್ ಹೇಳಿದ್ದ್ಯಾರ್?” ಎಂದಳು. “ಆ ಹೆಣ್ ನಂಗೇ ಫೋನ್ ಮಾಡಿ ಕೇಂಡಿತ್ತ್, ಬತ್ರಿಯಾ ಅಂದೇಳಿ. ನೀ ಯಾವತ್ತ್ ಕೇಂಡಿದೆ?”

ನಾನು ಕೇಳಿರಲಿಲ್ಲ. ಆ ಕರೆಯೋಲೆ ಈಗಲೂ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಇದೆ, ನಾಲ್ಕು ಮೂಲೆಯ ಅರಿಶಿನವೂ ಹಾಗೇ ಇದೆ.